ಒಂದೇ ಉಸಿರಿನ ಗೂಡು

ಪೆಟ್ಟಿಗೆಯೊಳಗಿಂದ ನೇತ್ರಾಳ ದನಿ ಮತ್ತೊಮ್ಮೆ ಬಂತು.

"ಹೊಲದ ಬದುವಿನ ಮ್ಯಾಲ ಹಬ್ಬೇತಿ ಅವರಿ ಬಳ್ಳಿ,
ಕಾಲಾಗಿನ ಪೈಜಣ ಹತ್ತು ತೊಲಿ ಬೆಳ್ಳಿ,
ತವರಮನಿ ಬಿಟ್ಟು ಬಂದೆ ದೀಪ ಹಚ್ಚೂ ಹೊತ್ತಿಗೆ,
ಲಖನ ಅವರ ಹೆಸರ ಪೋಣಿಸೇನಿ ಕೊರಳ ಮುತ್ತಿಗೆ."

ದನಿ ನಿಂತಿತು. ಗೂಡಿನ ಮೇಲಿನ ಹಸಿರು ದೀಪ ಆರಿತು.

ಗೌರವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಖಾತ್ರಿ ಬೇಕಾಗುತ್ತದೆ.

"ಆಕೀನ ರಿ, ಬಾಯಾರ. ನನ್ನ ಮಗಳ ದನೀನ," ಎಂದಳು. "ಒಡಪಾನೂ ನಾನ ಕಲಿಸಿದ್ದು. ಲಗ್ನದಾಗ ಚಪ್ಪರದ ಕೆಳಗ ನಿಂತು ಇದನ್ನ ಹೇಳಿದ್ಲು. ಆದ್ರ ಹೆಸರ... ಈ ಹೆಸರ ಯಾಕ ಬಂತ್ರಿ ನನ್ನ ಕೂಸಿನ ಬಾಯಾಗ?"

ಅನ್ನಪೂರ್ಣಾಬಾಯಿ ಅವಳ ಬೆನ್ನಿನ ಮೇಲೆ ಕೈ ಇಟ್ಟರು. ಹುಕ್ಕೇರಿಯ ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಬಳಿ ಲಾಠಿಯೂ ಇಲ್ಲ, ಟೋಪಿಯೂ ಇಲ್ಲ. ಉಳಿದಿರುವುದು ಎರಡು ಕಿವಿ ಮತ್ತು ಈ ಕೈ.

ಒಡಪಿನ ಕೊನೆಗೆ ಹೆಣ್ಣು ಹೇಳುವುದು ಗಂಡನ ಹೆಸರು. ನೇತ್ರಾಳ ಗಂಡನ ಹೆಸರು ಮಹೇಶ. ಕಾರಹುಣ್ಣಿಮೆಯ ದಿನ ಅವನ ಜೊತೆ ಮೂಡಲಗಿಯಿಂದ ಈ ದಾಖಲೆ ಲೋಕವನ್ನು ನೋಡಲು ಬಂದ ಐದು ತಿಂಗಳ ಬಸುರಿ, ಒಳಗೆ ಹೋದವಳು ಹೊರಗೆ ಬಂದಿರಲಿಲ್ಲ. ಮಹೇಶನೇ ಅವಳನ್ನು ಕಂದಕಕ್ಕೆ ದೂಡಿದ್ದಾನೆಂದು ಊರಿನ ಮಂದಿ ಅವನ ಕೈ ಮುರಿದಿದ್ದರು. ನಿನ್ನೆ ಇಲ್ಲಿನ ಮಾಲೀಕ ಕಾರಹುಣ್ಣಿಮೆಯ ತಾರೀಖಿನ ಈ ಮುದ್ರಿತ ದನಿಯನ್ನು ಠಾಣೆಗೆ ಕೊಟ್ಟ ಮೇಲೆ ಅದೇ ಮಂದಿ ಬೇರೆ ಮಾತು ಎತ್ತಿದ್ದರು. ಲಖನ ಒಂದು ಕಾಲಕ್ಕೆ ನೇತ್ರಾಳನ್ನು ನೋಡಲು ಬಂದು ಹೋದ ವರ. ಈಗ ಕೊಲ್ಹಾಪುರದಲ್ಲಿ ಎಲ್ಲೋ ಕೆಲಸಕ್ಕಿದ್ದಾನೆ, ಫೋನು ಹತ್ತುತ್ತಿಲ್ಲ. ಇನ್ನೇನು ಬೇಕು? ಓಡಿಹೋದಳು ಎಂದರು. ಠಾಣೆಯವರೂ ಅದನ್ನೇ ಅಂದುಕೊಂಡು ನಾಳೆಯಿಂದ ಹುಡುಕಾಟ ನಿಲ್ಲಿಸುವವರಿದ್ದರು.

ಗೌರವ್ವನ ಕಂಕುಳಲ್ಲಿ ಒಂದು ಅರಿವೆಯ ಚೀಲವಿತ್ತು. ಅದರಲ್ಲಿ ಹಸಿರು ಬಳೆ. ಮಗಳ ಕುಬಸಕ್ಕೆ, ಬಸುರಿಗೆ ಬಳೆ ಇಡಿಸುವ ದಿನಕ್ಕೆಂದು, ಘಟಪ್ರಭಾದ ಪೇಟೆಯಲ್ಲಿ ತಂದಿಟ್ಟವು. ಎಲ್ಲಿ ಹೋದರೂ ಆ ಚೀಲ ಅವಳ ಜೊತೆಗೇ ಹೋಗುತ್ತಿತ್ತು.

"ಮತ್ತೊಮ್ಮೆ ಹಚ್ಚಲೇನ್ರಿ, ಬಾಯಾರ?" ಎಂದು ಶಿವಾನಂದ ಕೇಳಿದ.

ಕೇಳಿದ ಎನ್ನುವುದಕ್ಕಿಂತ ಕೂಗಿದ ಎನ್ನಬೇಕು. ಇಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಈ ಮನುಷ್ಯ ಎದುರಿಗೆ ನಿಂತವರ ಜೊತೆಗೂ ಹೊಳೆಯಾಚೆ ಇರುವವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದ.

"ಸ್ವಲ್ಪ ತಡಿಯಪ್ಪಾ," ಎಂದರು ಅನ್ನಪೂರ್ಣಾಬಾಯಿ. "ಆಕಿ ಕುಂದ್ರಲಿ. ಮುಂಜಾನಿಂದ ಒಂದು ಗುಟುಕು ಚಾ ಕುಡದಿಲ್ಲ."

ಶಿವಾನಂದ ಓಡಿಹೋಗಿ ತನ್ನ ಫ್ಲಾಸ್ಕನ್ನೇ ತಂದ. ಮುಚ್ಚಳದಲ್ಲಿ ಚಹಾ ಬಗ್ಗಿಸಿ, ಅಂಚನ್ನು ತನ್ನ ಅಂಗಿಯಿಂದ ಒರೆಸಿ ಕೊಟ್ಟ. ಅನ್ನಪೂರ್ಣಾಬಾಯಿ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡರು. ಅನುಮಾನದ ಜಾಗದಲ್ಲಿ ನಿಂತಾಗ ಇಂಥವು ಕಣ್ಣಿಗೆ ಬೀಳಬಾರದು. ಆದರೆ ಅವರ ಕಣ್ಣಿಗೆ ಮೊದಲು ಬೀಳುವುದೇ ಇಂಥವು.

ಗೋಕಾಕ ಫಾಲ್ಸಿನ ಅಂಚಿಗೆ ಇದ್ದ ಹಳೆಯ ಕಲ್ಲಿನ ಗೋದಾಮನ್ನು ಕೊಂಡು ರಾವಸಾಹೇಬ ಎಂಬಾತ ದಾಖಲೆ ಲೋಕ ಮಾಡಿದ್ದ. ಜಗತ್ತಿನಲ್ಲಿ ಅತಿ ಎತ್ತರದವನು, ಅತಿ ಉದ್ದ ಉಗುರಿನವಳು, ಅತಿ ಭಾರ ಎತ್ತಿದವನು, ಇವರೆಲ್ಲರ ಗೊಂಬೆಗಳು ಸಾಲಾಗಿ ನಿಂತಿದ್ದವು. ಗೊಂಬೆಯ ಪಕ್ಕಕ್ಕೊಂದು ಯಂತ್ರ. ಹಿಂಡಿ ನೋಡಬಹುದು, ಜಿಗಿದು ನೋಡಬಹುದು, ಕೂಗಿ ನೋಡಬಹುದು. ಮನೆಮಂದಿಯೆಲ್ಲ ಕೂಡಿ ಬಂದರೆ ಟಿಕೀಟು ಅಗ್ಗ.

ಊರ ಕಡೆಯವರಿಗೆಂದು ಅವನು ಇಟ್ಟ ಒಂದು ಮೂಲೆಯೇ ಈ ಒಂದೇ ಉಸಿರಿನ ಗೂಡು. ಹೆಣ್ಣುಮಕ್ಕಳು ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡು ಒಂದೇ ಉಸಿರಿನಲ್ಲಿ ಒಡಪು ಹೇಳಬೇಕು. ಯಾರ ಉಸಿರು ಉದ್ದವೋ ಅವರದು ದಾಖಲೆ.

ಮಳೆಯ ಮೋಡ ಕವಿದ ಮಧ್ಯಾಹ್ನ. ಘಟಪ್ರಭಾದಿಂದ ಬಂದ ಒಂದು ಕುಟುಂಬ ಬಿಟ್ಟರೆ ಬೇರೆ ಜನರಿರಲಿಲ್ಲ. ಪಕ್ಕದ ಪಡಸಾಲೆಯಲ್ಲಿ ಆ ಮನೆಯ ಅಜ್ಜಿ ಉದ್ದವ್ವ, ಕೈಯ ಬಲ ಅಳೆಯುವ ಹಿಡಿಕೆಯನ್ನು ಹಿಂಡಿದಳು. ಮುಳ್ಳು ಸರ್ರನೆ ಏರಿತು.

"ಯವ್ವಾ! ನಿನ್ನ ಅಳಿಯಂದ್ರ ಮುಳ್ಳು ಅರ್ಧಕ್ಕೂ ಹೋಗಿರಲಿಲ್ಲ!" ಎಂದಳು ಮಗಳು.

"ಅವ್ರು ಎಂದಾದ್ರೂ ಎಮ್ಮಿ ಹಿಂಡ್ಯಾರೇನು? ಹಾಲು ಕುಡಿಯೂದಷ್ಟ ಗೊತ್ತು," ಎಂದಳು ಉದ್ದವ್ವ. ಅಳಿಯನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ನಗು ಕಲ್ಲಿನ ಗೋಡೆಗಳಿಗೆ ಬಡಿದು, ಸ್ವಲ್ಪ ತಡವಾಗಿ, ಯಾರೋ ಬೇರೆಯವರ ನಗುವಿನಂತೆ ಮರಳಿ ಬಂತು.

ಆ ಪಡಸಾಲೆಯ ತುದಿಯಲ್ಲಿ ರಾವಸಾಹೇಬ ನಿಂತಿದ್ದ. ಬಿಳಿ ಅಂಗಿ, ಮೆತ್ತನೆಯ ದನಿ, ಜೇಬಿನಲ್ಲಿ ಮಕ್ಕಳಿಗೆ ಹಂಚುವ ಕರದಂಟಿನ ತುಂಡುಗಳು. ಜಿಗಿದು ಗಂಟೆ ಮುಟ್ಟುವ ಆಟದಲ್ಲಿ ಆ ಮನೆಯ ಕುಂಟುಗಾಲಿನ ಹುಡುಗಿ ಎರಡು ಸಲ ಸೋತಿದ್ದಳು. ಅವನು ಯಾರಿಗೂ ಕಾಣದಂತೆ ಹಗ್ಗ ಸಡಿಲಿಸಿ ಗಂಟೆಯನ್ನು ಒಂದು ಗೇಣು ಇಳಿಸಿದ. ಹುಡುಗಿ ಜಿಗಿದಳು. ಗಂಟೆ ಮೊಳಗಿತು.

"ಮುಟ್ಟಿದಿ ನೋಡವಾ!" ಎಂದ.

ಹುಡುಗಿಯ ಮುಖ ಅರಳಿತು. ಅನ್ನಪೂರ್ಣಾಬಾಯಿ ಹಗ್ಗ ಹಿಡಿದ ಕೈಯನ್ನೇ ನೋಡಿದರು. ಇಷ್ಟು ಚೆನ್ನಾಗಿ, ಇಷ್ಟು ಸದ್ದಿಲ್ಲದೆ, ಎದುರಿನವರ ಕಣ್ಣು ತಪ್ಪಿಸಬಲ್ಲ ಕೈ ಅದು.

*

ಗೌರವ್ವನನ್ನು ಕೂರಿಸಲು ಅವರು ಕೊನೆಯ ಕೋಣೆಗೆ ಹೋದರು. ಅಲ್ಲೊಂದು ಬೆಂಚಿತ್ತು. ಕಿಟಕಿಯಿಲ್ಲದ ಕೋಣೆ, ಇರುವುದೊಂದೇ ಬಾಗಿಲು. ಒಂದು ಮೂಲೆಯಲ್ಲಿ ಅತಿ ಎತ್ತರದ ಮನುಷ್ಯನ ಗೊಂಬೆ ಸೂರಿಗೆ ತಲೆ ತಾಗಿಸಿ, ಕತ್ತು ಬಗ್ಗಿಸಿ, ಬಂದವರನ್ನು ಕೆಳಗಣ್ಣಿನಲ್ಲಿ ನೋಡುತ್ತಿತ್ತು. ಅದರ ಒಂದೊಂದು ಬೂಟೂ ತೊಟ್ಟಿಲಿನಷ್ಟು ದೊಡ್ಡದು.

ಎದುರಿಗೆ ನೆರಳು ಹಿಡಿಯುವ ಗೋಡೆ. ಒಂದೇ ಮಿಂಚಿಗೆ ಅತಿ ದೊಡ್ಡ ಕುಟುಂಬದ ನೆರಳು ಬೀಳಿಸುವ ದಾಖಲೆ ಅಲ್ಲಿಯದು.

"ಈ ಗುಂಡಿ ಒತ್ತಿದ್ರ ಮಿಂಚು ಹೊಡಿತೈತ್ರಿ," ಎಂದು ಶಿವಾನಂದ ಕೂಗಿ ಹೇಳಿದ. ತಡೆಯುವಷ್ಟರಲ್ಲಿ ಒತ್ತಿಯೂ ಬಿಟ್ಟ.

ಕಣ್ಣು ಕುಕ್ಕುವ ಬೆಳಕು. ಮರುಕ್ಷಣ ಕತ್ತಲೆ. ಗೋಡೆಯೆಲ್ಲ ತಿಳಿಹಸಿರಾಗಿ ಹೊಳೆಯಿತು. ಅದರ ಮೇಲೆ ಮೂರು ಕಪ್ಪು ನೆರಳು: ಬಾಗಿದ ಬೆನ್ನಿನ, ತಲೆಯ ಮೇಲೆ ಸೆರಗಿನ ಗೌರವ್ವ; ಕನ್ನಡಕದ ಅನ್ನಪೂರ್ಣಾಬಾಯಿ; ಕೈ ಚಾಚಿದ ಶಿವಾನಂದ.

ಗೌರವ್ವ ಹೌಹಾರಿ ಪಕ್ಕಕ್ಕೆ ಸರಿದಳು. ನೆರಳು ಸರಿಯಲಿಲ್ಲ.

"ನಾ ಇಲ್ಲೇ ಅದೇನ್ರಿ... ಅದು ಅಲ್ಲೇ ನಿಂತೈತಿ!"

"ಬಣ್ಣ ಬೆಳಕ ಹಿಡ್ಕೊಂಡಿರತೈತಿ, ಅವ್ವಾರ. ನೀವು ಅಡ್ಡ ನಿಂತಲ್ಲಿ ಬೆಳಕ ಬಿದ್ದಿಲ್ಲ, ಅಷ್ಟ. ಒಂದು ಎಲಿ ಅಡಿಕಿ ಹಾಕ್ಕೊಂಡು ಅಗಿಯೂದ್ರಾಗ ಹೋಗಿಬಿಡತೈತಿ."

"ಜೀವ ಇದ್ದವ್ರ ನೆರಳ ಹಿಂಗ ಬಿಟ್ಟು ಹೋಗಬಾರದಪ್ಪಾ," ಎಂದಳು ಗೌರವ್ವ. "ನಾ ಅದು ಅಳಿಸೂತನಕ ಇಲ್ಲೇ ಕುಂದ್ರತೇನಿ."

ಅವಳು ಬೆಂಚಿನ ಮೇಲೆ ಕೂತು, ಬಳೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, ಗೋಡೆಗೆ ಕೇಳಿಸದ ಹಾಗೆ, ಅಂದಳು: "ಬಾಯಾರ, ಒಂದು ಮಾತು. ನನ್ನ ಮಗಳು ಲಗ್ನದಾಗ ಒಡಪಾ ಹೇಳುವಾಗ ಹೆಸರ ಬರೂಮುಂದ ನಿಂತಳು. ನಕ್ಕಳು. ಮುಖ ಮುಚ್ಚಿಕೊಂಡಳು. ಆಮ್ಯಾಲ ಹೆಸರ ಹೇಳಿದ್ಲು. ಯಾರ ಹೇಳಿದ್ರೂ ಹಂಗ ಹೇಳ್ತಾರ, ಹೌದಲ್ರಿ?"

"ಹೌದು."

"ಪೆಟ್ಟಿಗ್ಯಾಗ ಆಕಿ ನಿಲ್ಲಲಿಲ್ಲ. ಸಾಲಿ ಹುಡುಗಿ ಪಾಠ ಒಪ್ಪಿಸಿದಂಗ ಒಪ್ಪಿಸಿದ್ಲು."

ಅನ್ನಪೂರ್ಣಾಬಾಯಿ ಆ ತಾಯಿಯ ಮುಖ ನೋಡಿದರು. ಠಾಣೆಯಲ್ಲಿ ಅಷ್ಟು ಜನ ಅದೇ ದನಿಯನ್ನು ಕೇಳಿದ್ದರು. ಯಾರೂ ಇದನ್ನು ಕೇಳಿರಲಿಲ್ಲ.

"ನೀ ಇಲ್ಲೇ ಇರು, ಗೌರವ್ವ. ನಾ ಮತ್ತೊಮ್ಮೆ ಕೇಳಿ ಬರ್ತೇನಿ. ಮಹೇಶನ್ನ ಒಳಗ ಕರಿಲೇನು, ಜೊತಿಗಿ?"

"ಬ್ಯಾಡ್ರಿ. ಈ ಜಾಗಾ ಕಂಡ್ರ ಅಂವ ನಡುಗತಾನ. ಹೊರಗ ಇರಲಿ."

ಮಹೇಶ ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದ. ಮುರಿದ ಕೈಗೆ ಆಸ್ಪತ್ರೆಯವರು ಕೊಟ್ಟ ಪಟ್ಟಿ ಅವನ ಕೊರಳು ಕೊಯ್ಯುತ್ತಿತ್ತು. ಮುಂಜಾನೆ ಅನ್ನಪೂರ್ಣಾಬಾಯಿಯೇ ತಮ್ಮ ಹಳೆಯ ನೂಲಿನ ಸೀರೆಯನ್ನು ಹರಿದು ಹೊಸ ಜೋಳಿಗೆ ಕಟ್ಟಿಕೊಟ್ಟಿದ್ದರು. ಅವರ ಗಂಟೇ ಬೇರೆ: ಬಿಚ್ಚಲು ಸುಲಭವಾಗಲೆಂದು ಎರಡು ತುದಿಗಳನ್ನು ಮೊಲದ ಕಿವಿಯಂತೆ ನೆಟ್ಟಗೆ ಬಿಡುತ್ತಿದ್ದರು. ಅವನು ಚಿಕ್ಕ ಹುಡುಗನಂತೆ ಕತ್ತು ಬಗ್ಗಿಸಿ ಕಟ್ಟಿಸಿಕೊಂಡು, "ನಮ್ಮವ್ವನೂ ಇಷ್ಟು ಹಗೂರ ಕಟ್ಟತಿರಲಿಲ್ರಿ," ಎಂದಿದ್ದ. ಊರೆಲ್ಲ ಅವನನ್ನು ಕೊಲೆಗಾರ ಎಂದರೂ ಅವನ ಪರವಾಗಿ ನಿಂತಿದ್ದು ಇವರೊಬ್ಬರೇ.

*

ಗೂಡಿನೊಳಗೆ ಹೊಕ್ಕು ಅನ್ನಪೂರ್ಣಾಬಾಯಿ ಬಾಗಿಲು ಎಳೆದುಕೊಂಡರು.

ಸುತ್ತಲೂ ದಪ್ಪ ಮೆತ್ತೆ ಹಚ್ಚಿದ ಗೋಡೆ. ಬಾಗಿಲು ಮುಚ್ಚಿದ್ದೇ ತಡ, ಲೋಕವೇ ನಿಂತುಹೋಯಿತು. ಅಜ್ಜಿಯ ನಗು ಇಲ್ಲ, ಗಂಟೆ ಇಲ್ಲ, ರಾತ್ರಿಯಿಂದ ಅವರ ಕಿವಿಯನ್ನು ತುಂಬಿದ್ದ ಜಲಪಾತದ ಆರ್ಭಟವೂ ಇಲ್ಲ. ತಮ್ಮ ಉಸಿರು ಮಾತ್ರ. ಗೋರಿಯೊಳಗೆ ಕೂತು ತನ್ನ ಉಸಿರನ್ನು ತಾನೇ ಕೇಳಿದ ಹಾಗೆ.

ಗುಂಡಿ ಒತ್ತಿದರು. ದನಿ ಬರುವ ಜಾಲರಿಗೆ ಕಿವಿ ಹಚ್ಚಿದರು.

"ಹೊಲದ ಬದುವಿನ ಮ್ಯಾಲ ಹಬ್ಬೇತಿ ಅವರಿ ಬಳ್ಳಿ..."

ಇದೇನು?

ದನಿಯ ಕೆಳಗೆ ಮತ್ತೊಂದು ದನಿಯಿತ್ತು. ದಪ್ಪನೆಯ, ನಿಲ್ಲದ ಮೊರೆತ. ನೂರು ಬೀಸುಕಲ್ಲುಗಳನ್ನು ಒಮ್ಮೆಲೇ ತಿರುಗಿಸಿದ ಹಾಗೆ. ಹೊರಗೆ ನಿಂತು ಕೇಳಿದಾಗ ಅದು ಹೊರಗಿನ ನೀರಿನದೇ ಎಂದುಕೊಂಡಿದ್ದರು. ಈಗ ಹೊರಗಿನದು ಒಳಗೆ ಬರುವಂತಿಲ್ಲ. ಒಡಪು ಮುಗಿಯಿತು. ಮೊರೆತವೂ ತಟ್ಟನೆ ನಿಂತಿತು.

ಅಂದರೆ ಅದು ನೇತ್ರಾಳ ದನಿಯ ಜೊತೆಗೇ ಮುದ್ರಿತವಾದದ್ದು.

ಮಹೇಶ ತೋರಿಸಿದ್ದ ಕೊನೆಯ ಫೋಟೋ ಕಣ್ಣೆದುರು ಬಂತು. ಕಾರಹುಣ್ಣಿಮೆಯ ದಿನ, ಒಳಗೆ ಹೋಗುವುದಕ್ಕೆ ಮುಂಚೆ, ಫಾಲ್ಸಿನ ಅಂಚಿನಲ್ಲಿ ತೆಗೆದದ್ದು. ನೇತ್ರಾ ಕರಿ ಬಂಡೆಯ ಮೇಲೆ ಕೂತು ನಗುತ್ತಿದ್ದಾಳೆ. ಅವಳ ಹಿಂದೆ ನೀರಿಲ್ಲ. ಒಂದು ಹನಿಯೂ ಇಲ್ಲ. ನೀರು ಧುಮುಕಬೇಕಾದ ಜಾಗದಲ್ಲಿ ಎರಡು ಆಡು ಮೇಯುತ್ತಿವೆ.

ಹೊಳೆಗೆ ನೀರು ಬಂದದ್ದು ಮೊನ್ನೆ, ಮಣ್ಣೆತ್ತಿನ ಅಮಾವಾಸ್ಯೆಯಾದ ಮೇಲೆ.

ಕಾಣೆಯಾದ ದಿನ ಮುದ್ರಿಸಿದ್ದು ಎಂದು ಕೊಟ್ಟ ದನಿಯಲ್ಲಿ, ಕಾಣೆಯಾಗಿ ಎಷ್ಟೋ ದಿನದ ಮೇಲೆ ಬಂದ ನೀರು ಮೊರೆಯುತ್ತಿತ್ತು. ಅವಳು ಓಡಿಹೋಗಿರಲಿಲ್ಲ. ಮೊನ್ನೆಯ ತನಕ, ನೀರಿಗೆ ತೀರ ಹತ್ತಿರ ಯಾವುದೋ ಜಾಗದಲ್ಲಿ, ಯಾರದೋ ಮಾತಿಗೆ ಒಡಪು ಒಪ್ಪಿಸುವಷ್ಟು ಜೀವಂತವಾಗಿದ್ದಳು.

ಬಾಗಿಲು ತೆರೆದರು. ಆರ್ಭಟ ನುಗ್ಗಿ ಬಂತು. ಶಿವಾನಂದ ಒಂದು ತಂತಿ ಸುತ್ತುತ್ತ ನಿಂತಿದ್ದ.

"ಇದರ ತಾರೀಖು ಯಾರು ಹಾಕ್ತಾರಪ್ಪಾ?"

"ಕರೆಂಟ್ ಹೋಗಿ ಬಂದಾಗೊಮ್ಮಿ ಕೈಲೇ ಹಾಕ್ಬೇಕ್ರಿ. ನಾನೂ ಹಾಕ್ತೇನಿ, ಸಾವಕಾರ್ರೂ ಹಾಕ್ತಾರ."

"ಇಲ್ಲಿ ಬಾ. ಇದನ್ನ ಕೇಳು. ಒಡಪಾ ಬಿಟ್ಟು ಮತ್ತೇನರ ಕೇಳತೈತೇನ ಹೇಳು."

ಅವನು ಕಣ್ಣು ಮುಚ್ಚಿ, ಮನಸ್ಸಿಟ್ಟು ಕೇಳಿದ. ತಲೆ ಅಲ್ಲಾಡಿಸಿದ. "ಏನಿಲ್ರಿ. ಬರೇ ಆ ತಂಗೀ ದನಿ."

"ನೀರಿನ ಸಪ್ಪಳ?"

ಶಿವಾನಂದ ನಕ್ಕ. "ಫಾಲ್ಸ್ ಸಪ್ಪಳ ನನ್ನ ಕೇಳ್ತೀರಲ್ರಿ, ಬಾಯಾರ! ನಾ ಇಲ್ಲೇ, ಮಿಲ್ಲಿನ ಕೆಲಸದವ್ರ ಮನಿಗಳ ಲೈನಿನ್ಯಾಗ ಹುಟ್ಟಿದಾವ. ನಮ್ಮ ಕಿವಿಗೆ ಅದು ಬೀಳೂದಿಲ್ಲ. ಹುಟ್ಟಿದಾಗಿಂದ ಐತಲ್ಲ, ಮೈಮ್ಯಾಲಿನ ಅಂಗಿ ಇದ್ದಂಗ. ಅದು ನಿಂತಾಗ ನಮಗ ಕೇಳತೈತಿ. ಬ್ಯಾಸಿಗ್ಯಾಗ ನೀರು ನಿಂತ ರಾತ್ರಿ ಲೈನಿನ ಕೂಸುಗೋಳೆಲ್ಲ ಚಿಟ್ಟನ ಚೀರಿ ಎದ್ದು ಕುಂದ್ರತಾವ."

"ಅದಕ್ಕ ನೀವೆಲ್ಲಾ ಹಿಂಗ ಜೋರಾಗಿ ಮಾತಾಡ್ತೀರಿ."

"ನಾ ಜೋರಾಗಿ ಮಾತಾಡ್ತೇನಂತೇನ್ರಿ?" ಎಂದು ಶಿವಾನಂದ ಕೂಗಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಯಾರು ಈ ದನಿಯನ್ನು ಮುದ್ರಿಸಿದರೋ ಅವರಿಗೆ ಅದರೊಳಗಿನ ನೀರು ಕೇಳಿಸಿರಲಿಲ್ಲ. ಕೇಳಿಸಿದ್ದರೆ ಅದನ್ನು ಠಾಣೆಗೆ ಕೊಡುತ್ತಿರಲಿಲ್ಲ. ಇಂಥ ತಪ್ಪನ್ನು ಹುಕ್ಕೇರಿಯವರು ಮಾಡಲಾರರು, ಮೂಡಲಗಿಯವರು ಮಾಡಲಾರರು. ಇದು ಫಾಲ್ಸಿನಲ್ಲಿ ಹುಟ್ಟಿದ ಕಿವಿಯ ತಪ್ಪು.

ಅವರಿಗೆ ಗೊತ್ತಿದ್ದ ಮಟ್ಟಿಗೆ ಅಂಥ ಕಿವಿ ಈ ಕಟ್ಟಡದಲ್ಲಿ ಒಂದೇ ಇತ್ತು. ಅದು ಈಗ ಅವರ ಎದುರಿಗೇ ನಿಂತು, ಅಂಗಿಯಿಂದ ಫ್ಲಾಸ್ಕಿನ ಮುಚ್ಚಳ ಒರೆಸುತ್ತಿತ್ತು. ಅವರ ಮನಸ್ಸು ಒಪ್ಪಲಿಲ್ಲ. ತಪ್ಪು ಮಾಡಿದವನು ತನ್ನ ಕಿವಿಯ ಗುಟ್ಟನ್ನು ಇಷ್ಟು ಸಂತೋಷದಿಂದ ಹೇಳುತ್ತಾನೆಯೇ? ತಾರೀಖು ಹಾಕುವ ಕೈ ಇನ್ನೊಂದೂ ಇತ್ತು.

"ಶಿವಾನಂದ, ಆ ಅಜ್ಜಿ ಮೊಮ್ಮಗಳನ್ನ ಜ್ವಾಕಿಲೆ ಮೆಟ್ಟಿಲಾ ಇಳಿಸಿ ಬಾ," ಎಂದು ಅವನನ್ನು ಕಳಿಸಿ, ಅವರು ರಾವಸಾಹೇಬನ ಕೋಣೆಗೆ ನಡೆದರು.

*

ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಓಣಿಯಂಥ ಹಾದಿಯ ಆ ತುದಿಯಲ್ಲಿ ಗೌರವ್ವ ಕೂತ ಕೋಣೆಯ ಬಾಗಿಲು ಕಾಣುತ್ತಿತ್ತು. ಅನ್ನಪೂರ್ಣಾಬಾಯಿ ಅದು ಕಣ್ಣಂಚಿಗೆ ಬೀಳುವ ಹಾಗೆ ಕುರ್ಚಿ ಎಳೆದುಕೊಂಡರು.

ಗೋಡೆಯ ಮೇಲಿನ ಕಿಟಕಿಯ ಗಾಜು ಒಂದೇ ಸಮನೆ ನಡುಗುತ್ತಿತ್ತು. ಅದರಾಚೆ ಕೆಂಪು ನೀರು ಬಂಡೆಯಿಂದ ಕಳಚಿ ಬೀಳುತ್ತಿತ್ತು.

"ಬರ್ರಿ, ಬರ್ರಿ, ಬಾಯಾರ. ಕರದಂಟು ತಗೋರಿ," ಎಂದ ರಾವಸಾಹೇಬ. "ಆ ತಾಯಿ ಸಂಕಟ ನೋಡಾಕ ಆಗೂದಿಲ್ರಿ. ನಾನೂ ಹೆಣ್ಣುಮಕ್ಕಳ ತಂದಿ."

"ನಿಮ್ಮದು ಯಾವೂರು ಅಂದಿದ್ರಿ?"

"ಕಣಗಲಾ ರಿ. ಹೈವೇಕ್ಕ ಹತ್ತಿಕೊಂಡ ಮನಿ. ಲಾರಿ ಸಪ್ಪಳದಾಗ ಬೆಳದಾವ್ರು. ಈ ಕಡಿಗೆ ಬಂದದ್ದು ಈಗ ಎರಡು ವರ್ಷಾತು."

"ಆ ಒಡಪಾ ಇನ್ನೊಮ್ಮೆ ಕೇಳಿಸ್ತೀರೇನ್ರಿ? ವಯಸ್ಸಾತು, ಶಬ್ದ ಸ್ಪಷ್ಟ ಆಗಲಿಲ್ಲ."

ಅವನು ಸಂತೋಷದಿಂದಲೇ ಕಂಪ್ಯೂಟರಿನಲ್ಲಿ ಹಚ್ಚಿದ. ನೇತ್ರಾಳ ದನಿ ಕೋಣೆಯಲ್ಲಿ ತುಂಬಿತು. ಅದರ ಬೆನ್ನಿಗೆ ಆ ಮೊರೆತ. ಅನ್ನಪೂರ್ಣಾಬಾಯಿ ಅವನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಷ್ಟು ಸ್ವಚ್ಛ ಐತಿ ನೋಡ್ರಿ," ಎಂದ. "ಹಿಂದ ಮುಂದ ಒಂದು ಸಪ್ಪಳಿಲ್ಲ. ಭಾರೀ ಮಷೀನ್ ರಿ ಅದು."

ಅನ್ನಪೂರ್ಣಾಬಾಯಿ ಕರದಂಟಿನ ತುಂಡನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಯೋಚನೆ ಮಾಡಲು ಹೊತ್ತು ಬೇಕಾದಾಗ ಹಲ್ಲಿಗೆ ಕೆಲಸ ಕೊಡುವುದು ಅವರ ಹಳೆಯ ರೂಢಿ.

"ನನಗ ರಾತ್ರಿಯೆಲ್ಲಾ ನಿದ್ದಿ ಇಲ್ರಿ, ರಾವಸಾಹೇಬರ. ಇಲ್ಲೇ ಲೈನಿನ್ಯಾಗ ಪರಿಚಯದವ್ರ ಮನ್ಯಾಗ ಉಳದಿದ್ದೆ. ಆ ಸಪ್ಪಳಕ್ಕ ಎದಿ ನಡಗತೈತಿ. ನಿಮಗ ಹೆಂಗ ನಿದ್ದಿ ಬರತೈತಿ?"

"ಯಾವ ಸಪ್ಪಳ?" ಎಂದ ರಾವಸಾಹೇಬ.

ಕಿಟಕಿಯ ಗಾಜು ನಡುಗುತ್ತಲೇ ಇತ್ತು.

ಅವನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಕಣ್ಣು ಕಿಟಕಿಯ ಕಡೆಗೆ ಹೋಯಿತು, ಮರಳಿ ಬಂತು. "ಓ, ನೀರಿಂದೇನ್ರಿ! ಈಗ ರೂಢಿ ಆಗೈತ್ರಿ."

"ಎರಡು ವರ್ಷದ ರೂಢಿ ಅಲ್ಲದು. ತೊಟ್ಟಿಲದಾಗಿಂದು." ಅನ್ನಪೂರ್ಣಾಬಾಯಿಯ ದನಿ ಮೆತ್ತಗೇ ಇತ್ತು. "ನಿಮಗ ಮೆತ್ತಗ ಮಾತಾಡೂದನ್ನ ಯಾರೋ ಭಾಳ ಕಷ್ಟಪಟ್ಟು ಕಲಿಸ್ಯಾರ. ಆದ್ರ ಕಿವಿಗೆ ಕಲಿಸಾಕ ಆಗಿಲ್ಲ. ನೀವು ಹುಟ್ಟಿದ್ದು ಇಲ್ಲೇ, ಹೌದಲ್ಲೋ?"

ಅವನು ಕಂಪ್ಯೂಟರಿನ ಪರದೆ ಆರಿಸಿದ.

"ಕಾರಹುಣ್ಣಿಮಿ ದಿನ ಈ ಹೊಳಿ ಒಣಗಿತ್ತು. ಆ ದಿನದ್ದು ಅಂತ ನೀವು ಕೊಟ್ಟ ಒಡಪಾದಾಗ ಹೊಳಿ ತುಂಬಿ ಹರಿಯಾಕತ್ತೈತಿ. ಗೂಡಿನ್ಯಾಗ ಹೇಳಿದ್ದೂ ಅಲ್ಲ; ಗೂಡಿನ್ಯಾಗ ನೀರು ಕೇಳೂದಿಲ್ಲ. ನೀವು ಅದನ್ನ ಹತ್ತು ಸಲ ಕೇಳಿದ್ರೂ ನಿಮಗ ತಿಳಿಲಿಲ್ಲ. ಪಾಪ, ಕೇಳಿದ್ರ ತಾನ ತಿಳಿಯೂದು."

ರಾವಸಾಹೇಬ ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದು ಮೇಜಿನ ಮೇಲೆ ಇಟ್ಟ. ಕುಂಟು ಹುಡುಗಿಗೆ ಗಂಟೆ ಇಳಿಸಿದ ಕೈಗಳೇ ಅವು.

"ಹುಟ್ಟಿದ ಊರ ಮುಚ್ಚಿಡೂದು ಗುನ್ಹೆ ಅಲ್ಲ, ಬಾಯಾರ."

"ಅಲ್ಲ. ಬಸುರಿ ಹೆಣ್ಣುಮಗಳನ್ನ ಮುಚ್ಚಿಡೂದು ಗುನ್ಹೆ. ನೇತ್ರಾ ಎಲ್ಲದಾಳ?"

ಅವನು ನಕ್ಕ. ಅದು ಸಿಕ್ಕಿಬಿದ್ದವನ ನಗುವಾಗಿರಲಿಲ್ಲ. ಮಕ್ಕಳು ತಮಗಿಂತ ದೊಡ್ಡ ಕಲ್ಲನ್ನು ಎತ್ತಲು ಹೊರಟಾಗ ದೊಡ್ಡವರು ನಗುತ್ತಾರಲ್ಲ, ಆ ಬಗೆಯದು. ಅದರಲ್ಲಿ ಕನಿಕರವಿತ್ತು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

"ಆಕಿನ್ನ ಯಾರೂ ಮುಚ್ಚಿಟ್ಟಿಲ್ರಿ," ಎಂದ. "ನೀವು ದನಿ ಮಾತ್ರ ಕೇಳೀರಿ. ಆಕಿ ಬಾಜೂಕ ಯಾರು ನಿಂತಿದ್ರು ಅಂತ ಕೇಳಲಿಲ್ಲ."

"ಯಾರು ನಿಂತಿದ್ರು?"

ರಾವಸಾಹೇಬ ಹಾಗೇ ಕತ್ತು ವಾಲಿಸಿ, ಅವರ ಭುಜದಾಚೆಗೆ, ಹಾದಿಯ ತುದಿಯ ಬಾಗಿಲನ್ನು ನೋಡಿದ. ಅವನ ದನಿ ಮೊದಲಿಗಿಂತ ಮೆತ್ತಗಾಯಿತು.

"ಬಾಯಾರ, ಆ ತಾಯಿನ್ನ ಅಲ್ಲಿ ಒಬ್ಬಾಕಿನ್ನ ಬಿಟ್ಟು ಬಂದೀರೇನು?"

ಅದೇ ಹೊತ್ತಿಗೆ ಆ ತುದಿಯ ಬಾಗಿಲಿನ ಸಂದಿಯಲ್ಲಿ ಫಕ್ಕನೆ ಬೆಳ್ಳಗೆ ಮಿಂಚಿತು.

*

ಅನ್ನಪೂರ್ಣಾಬಾಯಿ ಓಡಿದರು. ಉಗುರಿನವಳ ಗೊಂಬೆ, ಭಾರ ಎತ್ತಿದವನ ಗೊಂಬೆ, ಎಲ್ಲವೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಂತೆ ಆಯಿತು.

"ಗೌರವ್ವಾ!"

ಅವರ ಕೂಗು ಮಾತ್ರ ಮರಳಿ ಬಂತು.

ಕೋಣೆ ಕತ್ತಲೆಯಾಗಿತ್ತು. ಗೋಡೆಯ ತಿಳಿಹಸಿರು ಬೆಳಕಿನಲ್ಲಿ ಬೆಂಚು ಕಂಡಿತು. ಬೆಂಚು ಬರಿದಾಗಿತ್ತು. ಅದರ ಮೇಲೆ ಅರಿವೆಯ ಚೀಲ ಮಡಿಚಿಕೊಂಡು ಬಿದ್ದಿತ್ತು. ಎತ್ತಿ ನೋಡಿದರು. ಒಂದು ಬಳೆಯೂ ಇರಲಿಲ್ಲ.

ಈ ಬಾಗಿಲಿನಿಂದ ಯಾರೂ ಹೊರಗೆ ಬಂದಿರಲಿಲ್ಲ. ಯಾರೂ ಒಳಗೆ ಹೋಗಿಯೂ ಇರಲಿಲ್ಲ. ಮಾತಿನ ಭರದಲ್ಲೂ ಕಣ್ಣಂಚು ಅದನ್ನು ಬಿಟ್ಟಿರಲಿಲ್ಲ.

ಪಾದಕ್ಕೆ ತಣ್ಣನೆಯ ಗಾಳಿ ತಾಗಿತು. ತೇವದ ಗಾಳಿ, ಪಾಚಿಯ ವಾಸನೆಯದು. ಅದು ಎತ್ತರದ ಮನುಷ್ಯನ ಗೊಂಬೆಯ ಕಡೆಯಿಂದ ಬರುತ್ತಿತ್ತು. ಅವನ ಒಂದು ಬೂಟು ಮೊದಲಿದ್ದ ಜಾಗದಲ್ಲಿ ಇರಲಿಲ್ಲ. ಅದರ ಬುಡದಲ್ಲಿ ಸರಿದ ಕಲ್ಲಿನ ಸಂದಿಯ ಕೆಳಗೆ ಕತ್ತಲೆಯ ದಾರಿಯೊಂದಿತ್ತು; ಅಲ್ಲಿ, ಒಡಪಿನ ಹಿಂದೆ ಕೇಳಿದ ಹಾಗೆಯೇ, ನೂರು ಬೀಸುಕಲ್ಲು ತಿರುಗುತ್ತಿದ್ದವು.

ಆಗ ಅವರು ಗೋಡೆಯನ್ನು ನೋಡಿದರು.

ಬಾಗಿದ ಬೆನ್ನು, ತಲೆಯ ಮೇಲೆ ಸೆರಗು: ಗೌರವ್ವ. ಅವಳ ಎದುರಿಗೆ ಮತ್ತೊಂದು ಹೆಣ್ಣಿನ ನೆರಳು. ಮುಂದಕ್ಕೆ ಬಂದ ಹೊಟ್ಟೆ. ಒಂದು ಕೈ ಮಿಂಚಿನ ಗುಂಡಿಯ ಕಡೆಗೆ ಹೋಗಿತ್ತು. ಚಾಚಿದ ಇನ್ನೊಂದು ಕೈಯನ್ನು ಗೌರವ್ವ ಎರಡೂ ಕೈಯಿಂದ ಹಿಡಿದಿದ್ದಳು, ಆ ಕೈಯ ಮಣಿಕಟ್ಟಿನ ತುಂಬ ಒತ್ತೊತ್ತಾಗಿ ಬಳೆ. ತಾಯಿ ಮಗಳಿಗೆ ಬಳೆ ಇಡಿಸಿದ್ದಳು.

ಬದುಕಿದ್ದಾಳೆ. ಈಗಷ್ಟೇ, ಇದೇ ನೆಲದ ಮೇಲೆ ನಿಂತಿದ್ದಳು. ಅನ್ನಪೂರ್ಣಾಬಾಯಿಯ ಎದೆ ಸಂತೋಷಕ್ಕೆ ಒಮ್ಮೆ ಹಾರಿತು.

ಹಾರಿದ್ದು ಅಲ್ಲೇ ನಿಂತಿತು.

ನೇತ್ರಾಳ ಹಿಂದೆ ಮೂರನೆಯ ನೆರಳಿತ್ತು. ಗಂಡಸಿನದು, ಪಕ್ಕಕ್ಕೆ ತಿರುಗಿ ನಿಂತದ್ದು. ಒಂದು ಕೈ ನೇತ್ರಾಳ ಭುಜವನ್ನು ಬಿಗಿಯಾಗಿ ಹಿಡಿದಿತ್ತು. ಇನ್ನೊಂದು ಕೈ ಮಡಚಿ ಎದೆಗೆ ಆತುಕೊಂಡಿತ್ತು, ಜೋಳಿಗೆಯಲ್ಲಿ ಇಟ್ಟ ಹಾಗೆ.

ಹೊರಗೆ ಬೇವಿನ ಕಟ್ಟೆಯ ಹತ್ತಿರ ಶಿವಾನಂದ ಯಾರನ್ನೋ ಕೂಗುತ್ತಿದ್ದ: "ಮಹೇಶಪ್ಪಾ! ಏ ಮಹೇಶಪ್ಪಾ! ಎಲ್ಲಿ ಹೋದ್ರಿ?"

ಗೋಡೆಯ ಬೆಳಕು ಮಾಸತೊಡಗಿತು. ಮೊದಲು ಬಳೆಗಳು ಹೋದವು, ಆಮೇಲೆ ಗೌರವ್ವನ ಬೆನ್ನು, ಆಮೇಲೆ ಆ ಹೊಟ್ಟೆ. ಗಂಡಸಿನ ಕೊರಳ ಹಿಂದೆ ಮೊಲದ ಕಿವಿಯಂತೆ ಎರಡು ತುದಿಗಳು ನೆಟ್ಟಗೆ ನಿಂತಿದ್ದವು. ಮುಂಜಾನೆ ತಮ್ಮ ಕೈಯಿಂದಲೇ ಹಾಕಿದ ಆ ಗಂಟನ್ನು ಅನ್ನಪೂರ್ಣಾಬಾಯಿ ಕಣ್ಣು ಮಿಟುಕಿಸದೆ ನೋಡುತ್ತ ನಿಂತರು.

ಎಲ್ಲಕ್ಕಿಂತ ಕೊನೆಗೆ ಅಳಿಸಿದ್ದು ಅದೇ.